ನೆರಳಿನೊಳಗಿನ ರೋಗಾಣು

2020ರಲ್ಲಿ ಹೋಳಿ ಹುಣ್ಣಿಮೆ ಮಾರ್ಚ್ 9ಕ್ಕೆ ಬಂದಿತ್ತು. ಕಲಬುರಗಿಯಲ್ಲಿ ಹೋಳಿ ಬಂತೆಂದರೆ ಅಪ್ಪನ ಜಾತ್ರೆಯೂ ಬಂತೆಂದೇ ಲೆಕ್ಕ. ಹುಣ್ಣಿಮೆಯಾದ ಐದನೆಯ ದಿನ, ಜನ ಅಪ್ಪ ಎನ್ನುವ ಶರಣಬಸವೇಶ್ವರರ ತೇರು. ಕಮಲಾಪುರ, ಆಳಂದ, ಜೇವರ್ಗಿಯ ಹಳ್ಳಿಗಳಿಂದ, ಗಡಿಯಾಚೆಯ ಮಹಾರಾಷ್ಟ್ರ, ತೆಲಂಗಾಣಗಳಿಂದ ಜನ ಗುಡಿಗೆ ಬರುತ್ತಾರೆ. ಆ ಹುಣ್ಣಿಮೆಯ ದಿನವೇ ನಗರದ ಹಿರಿಯರೊಬ್ಬರಿಂದ ತೆಗೆದ ಮಾದರಿಯೊಂದು ಕಲಬುರಗಿಯಿಂದ ಬೆಂಗಳೂರಿನ ಪ್ರಯೋಗಾಲಯಕ್ಕೆ ಹೋಯಿತು. ಶ್ವಾಸಕೋಶದ ನಡುಭಾಗದಲ್ಲಿ ವೈರಲ್ ನ್ಯುಮೋನಿಯಾ ಇರುವಂತಿದೆ, ಕೋವಿಡ್ ಆಗಿರಬಹುದು ಎಂದು ವೈದ್ಯರು ಶಂಕಿಸಿದ್ದರು. ಮರುದಿನ, ಮಾರ್ಚ್ 10ರಂದು, ಆ ಹಿರಿಯರು ತೀರಿಕೊಂಡರು. ಫಲಿತಾಂಶ ಬಂದದ್ದು 12ರಂದು. ದೇಶದಲ್ಲಿ ಕೋವಿಡ್‌ನಿಂದಾದ ಮೊದಲ ಸಾವು ಅದು ಎಂದು ಅಂದು ಎಲ್ಲರಿಗೂ ಗೊತ್ತಾಯಿತು.

ಶ್ವಾಸಕೋಶದಲ್ಲಿ ಏನೋ ಇದೆ ಎಂಬುದು ಮೊದಲೇ ತಿಳಿದಿತ್ತು. ಅದು ಏನು ಎಂಬುದು ಸಾವಿನ ನಂತರ ತಿಳಿಯಿತು. ಈ ಎರಡು ತಿಳಿವಳಿಕೆಗಳ ನಡುವಿನ ಅಂತರ ಕೋವಿಡ್‌ಗಿಂತ ಬಹಳ ಹಳೆಯದು. ದೇಹದೊಳಗೆ ಎಲ್ಲಿ ಕೆಟ್ಟಿದೆ ಎಂದು ತೋರಿಸುವ ಸಾಧನ 1895ರಿಂದ ನಮ್ಮ ಕೈಯಲ್ಲಿದೆ. ಕೆಡಿಸಿದ ರೋಗಾಣು ಯಾವುದು ಎಂದು ಹೇಳುವ ಸಾಧನ ಅದಕ್ಕೂ ಹಿಂದಿನದು. ಎರಡೂ ಉತ್ತರ ಒಂದೇ ಚಿತ್ರದಲ್ಲಿ ಸಿಗಬೇಕೆಂಬ ಆಸೆಯಿಂದ ಇಂದು ಹಲವು ದೇಶಗಳಲ್ಲಿ ಹೊಸ ಟ್ರೇಸರ್‌ಗಳ ಪರೀಕ್ಷೆ ನಡೆದಿದೆ. ರಕ್ತದಲ್ಲಿ ಬೆರೆತು, ಸೋಂಕಿನ ಜಾಗ ಹುಡುಕಿಕೊಂಡು ಹೋಗಿ, ಅಲ್ಲಿಂದ ವಿಕಿರಣದ ಮೂಲಕ ಸುಳಿವು ಕೊಡುವ ಔಷಧಗಳಿವು. ಇಂಥ ಸಾಧನವನ್ನು ಹೇಗೆ ಒರೆಗೆ ಹಚ್ಚಬೇಕು ಎಂಬುದನ್ನು ಕರ್ನಾಟಕ ಅರವತ್ತು ವರ್ಷಗಳ ಹಿಂದೆಯೇ ಕಲಿತಿತ್ತು, ಜಗತ್ತಿಗೂ ಕಲಿಸಿತ್ತು. ಆ ಕೆಲಸ ನಡೆದದ್ದು ಬೆಂಗಳೂರಿನ ಒಂದು ಬಂಗಲೆಯಲ್ಲಿ ಮತ್ತು ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ. ಅದರ ಕಥೆ ಕ್ಷಯರೋಗದ ಕಥೆ.

ಮೂರು ಸಾಧನ, ಮೂರು ಉತ್ತರ

1882ರ ಮಾರ್ಚ್ 24ರಂದು ಬರ್ಲಿನ್‌ನಲ್ಲಿ ರಾಬರ್ಟ್ ಕಾಕ್ ಕ್ಷಯದ ರೋಗಾಣುವನ್ನು ಜಗತ್ತಿಗೆ ತೋರಿಸಿದ. ಎಂಟು ವರ್ಷದ ನಂತರ ಅದೇ ರೋಗಾಣುವಿನಿಂದ ಟ್ಯುಬರ್ಕುಲಿನ್ ಎಂಬ ದ್ರವ ತಯಾರಿಸಿ, ಇದೇ ಕ್ಷಯಕ್ಕೆ ಮದ್ದು ಎಂದು ಸಾರಿದ. ಮದ್ದು ಫಲಿಸಲಿಲ್ಲ. ಆದರೆ ಅದನ್ನು ಚರ್ಮಕ್ಕೆ ಚುಚ್ಚಿದಾಗ, ಹಿಂದೆ ಸೋಂಕು ತಗಲಿದವರ ಮೈ ಬೇರೆಯೇ ರೀತಿಯಲ್ಲಿ ಸ್ಪಂದಿಸುತ್ತಿತ್ತು. 1907ರಲ್ಲಿ ಪಿರ್ಕೆ, 1908ರಲ್ಲಿ ಮಾಂಟೂ ಇದನ್ನೇ ಒಂದು ಪರೀಕ್ಷೆಯಾಗಿ ಪಳಗಿಸಿದರು. ಮುಂಗೈಯ ಚರ್ಮದ ಪದರದೊಳಗೆ ಒಂದು ಹನಿ ಚುಚ್ಚುತ್ತಾರೆ, ಮೂರು ದಿನ ಬಿಟ್ಟು ಬಂದು ಬೆರಳಿನಿಂದ ಸವರಿ ಗಡುಸಾದ ಭಾಗವನ್ನು ಗುರುತಿಸಿ ಅದರ ಅಗಲವನ್ನು ಮಿಲಿಮೀಟರ್‌ನಲ್ಲಿ ಅಳೆಯುತ್ತಾರೆ. ರೋಗಾಣು ಈ ದೇಹವನ್ನು ಎಂದಾದರೂ ಹೊಕ್ಕಿತ್ತೇ ಎಂಬ ಪ್ರಶ್ನೆಗೆ ಅದು ಉತ್ತರ ಕೊಡುತ್ತದೆ. ಈಗ ರೋಗ ಇದೆಯೇ ಎಂದು ಹೇಳಲಾರದು. ಸೋಂಕು ಹೊತ್ತೂ ಜೀವನವಿಡೀ ಕಾಯಿಲೆ ಬೀಳದವರೇ ಹೆಚ್ಚು.

1895ರ ನವೆಂಬರ್‌ನಲ್ಲಿ ರಾಂಟ್‌ಜನ್ ಎಕ್ಸ್‌ರೇ ಕಂಡುಹಿಡಿದ. ಎದೆಗೂಡಿನೊಳಗಿನ ಕಲೆ, ಗುಳಿ, ನೀರು ಕಣ್ಣಿಗೆ ಕಾಣತೊಡಗಿದವು. 1936ರಲ್ಲಿ ಬ್ರೆಜಿಲ್‌ನ ಮನೊಯೆಲ್ ದೆ ಅಬ್ರೆಯು, ಹೊಳೆಯುವ ತೆರೆಯ ಮೇಲೆ ಬಿದ್ದ ಎಕ್ಸ್‌ರೇ ಚಿತ್ರವನ್ನು ಸಣ್ಣ ಫಿಲ್ಮಿಗೆ ಇಳಿಸುವ ವಿಧಾನ ರೂಪಿಸಿದ. ದೊಡ್ಡ ಫಿಲ್ಮಿನ ಖರ್ಚು ಉಳಿಯಿತು. ಯಂತ್ರವನ್ನು ವ್ಯಾನಿಗೆ ಏರಿಸಿ, ಜನರೇಟರ್ ಜೋಡಿಸಿ, ಊರಿಂದೂರಿಗೆ ಹೋಗಿ ಸಾಲಾಗಿ ನಿಂತ ಜನರ ಎದೆಯ ಚಿತ್ರ ತೆಗೆಯುವುದು ಸಾಧ್ಯವಾಯಿತು. ಯುರೋಪ್, ಅಮೆರಿಕಗಳಲ್ಲಿ ಇದು ದೊಡ್ಡ ಚಳವಳಿಯೇ ಆಯಿತು.

ಆದರೆ ಎಕ್ಸ್‌ರೇ ನೆರಳನ್ನು ಓದುವವನು ಮನುಷ್ಯ. ಎರಡನೆಯ ಮಹಾಯುದ್ಧ ಮುಗಿದ ಹೊಸತರಲ್ಲಿ ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಜೇಕಬ್ ಯೆರುಶಾಲ್ಮಿ ಮತ್ತು ಸಂಗಡಿಗರು ಒಂದೇ ಫಿಲ್ಮುಗಳನ್ನು ಹಲವು ನುರಿತ ವೈದ್ಯರಿಗೆ ಕೊಟ್ಟು ನೋಡಿದರು. ಒಬ್ಬರಿಗೆ ರೋಗ ಕಂಡಲ್ಲಿ ಇನ್ನೊಬ್ಬರಿಗೆ ಏನೂ ಕಾಣಲಿಲ್ಲ. ಕೆಲ ದಿನ ಬಿಟ್ಟು ಅದೇ ಫಿಲ್ಮನ್ನು ಅದೇ ವೈದ್ಯರಿಗೆ ಕೊಟ್ಟರೆ ತಮ್ಮ ಮೊದಲ ತೀರ್ಪನ್ನೇ ಅವರು ಬದಲಿಸುತ್ತಿದ್ದರು. ಹಳೆಯ ಗಾಯ ಮಾಗಿದ ಕಲೆ, ಬೇರೆ ಜಾತಿಯ ಸೋಂಕು, ಗಡ್ಡೆ, ಕಲ್ಲುಪುಡಿ ತುಂಬಿದ ಶ್ವಾಸಕೋಶ, ಇವೆಲ್ಲ ಫಿಲ್ಮಿನ ಮೇಲೆ ಕ್ಷಯದಂತೆಯೇ ಕಾಣಬಲ್ಲವು.

ಮೂರನೆಯ ಸಾಧನ ಎಲ್ಲಕ್ಕಿಂತ ಅಗ್ಗದ್ದು: ಕಫದ ಪರೀಕ್ಷೆ. ಕಫವನ್ನು ಗಾಜಿನ ಸ್ಲೈಡಿನ ಮೇಲೆ ತೆಳುವಾಗಿ ಸವರಿ ಒಣಗಿಸಿ, ಕೆಂಪು ಬಣ್ಣದ ದ್ರಾವಣ ಹನಿಸಿ, ಆವಿ ಏಳುವವರೆಗೆ ಕೆಳಗಿನಿಂದ ಕಾಸುತ್ತಾರೆ. ಆಮ್ಲದಿಂದ ತೊಳೆದಾಗ ಉಳಿದೆಲ್ಲದರ ಕೆಂಪು ಹೋಗುತ್ತದೆ. ಮೇಣದಂಥ ಹೊದಿಕೆಯಿರುವ ಕ್ಷಯದ ರೋಗಾಣು ಮಾತ್ರ ಬಣ್ಣ ಬಿಡುವುದಿಲ್ಲ. ಆಮೇಲೆ ನೀಲಿ ಬಣ್ಣ ಹಾಕಿ ಮೈಕ್ರೋಸ್ಕೋಪಿನಡಿ ಇಟ್ಟರೆ ನೀಲಿಯ ನಡುವೆ ಸಣ್ಣ ಕೆಂಪು ಕಡ್ಡಿಗಳು. ಅವು ಕಂಡವೆಂದರೆ ಅನುಮಾನಕ್ಕೆ ಜಾಗ ಬಹಳ ಕಡಿಮೆ. ತೊಂದರೆಯೆಂದರೆ ಒಂದು ಮಿಲಿಲೀಟರ್ ಕಫದಲ್ಲಿ ಹತ್ತು ಸಾವಿರದಷ್ಟು ರೋಗಾಣುಗಳಿದ್ದರಷ್ಟೇ ಅವು ಕಣ್ಣಿಗೆ ಬೀಳುತ್ತವೆ. ರೋಗ ಆರಂಭದಲ್ಲಿದ್ದವರು ತಪ್ಪಿಹೋಗುತ್ತಾರೆ.

ಒಂದು ಸಾಧನ ಹಳೆಯ ಸೋಂಕನ್ನು, ಇನ್ನೊಂದು ನೆರಳನ್ನು, ಮತ್ತೊಂದು ರೋಗಾಣುವನ್ನು ತೋರಿಸುತ್ತಿತ್ತು. ಬಡ ದೇಶವೊಂದು ಯಾವುದನ್ನು ನೆಚ್ಚಬೇಕು? ಸ್ವಾತಂತ್ರ್ಯ ಬಂದಾಗ ಭಾರತದ ಮುಂದಿದ್ದ ಪ್ರಶ್ನೆ ಇದು.

ಲೆಕ್ಕಕ್ಕೆ ಸಿಕ್ಕ ರೋಗ

ಕ್ಷಯ ಯಾರನ್ನೂ ಬಿಟ್ಟಿರಲಿಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಸಹೋದರಿ ಕೃಷ್ಣಾಜಮ್ಮಣ್ಣಿ ಅದೇ ರೋಗಕ್ಕೆ ತುತ್ತಾದರು. ಮೈಸೂರಿನ ಪಿಕೆಟಿಬಿ ಆಸ್ಪತ್ರೆ ನಿಂತಿರುವುದು ಅವರ ಹೆಸರಿನಲ್ಲೇ. ಒಳ್ಳೆಯ ಗಾಳಿ, ಒಳ್ಳೆಯ ಊಟ, ತಿಂಗಳುಗಟ್ಟಲೆ ವಿಶ್ರಾಂತಿ, ಆ ಕಾಲದ ಚಿಕಿತ್ಸೆ ಅಷ್ಟೇ. ಹಾಸಿಗೆ ಸಿಕ್ಕವರು ಬೆರಳೆಣಿಕೆಯವರು.

1955ರಿಂದ 1958ರವರೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ದೇಶದ ಆರು ವಲಯಗಳಲ್ಲಿ ಸುಮಾರು ಮೂರು ಲಕ್ಷ ಜನರನ್ನು ಪರೀಕ್ಷಿಸಿತು. ವ್ಯಾನಿನಲ್ಲಿ ಎಕ್ಸ್‌ರೇ, ನೆರಳು ಕಂಡವರಿಗೆ ಕಫದ ಪರೀಕ್ಷೆ. ಎಕ್ಸ್‌ರೇ ಪ್ರಕಾರ ಸಾವಿರಕ್ಕೆ 13ರಿಂದ 25 ಜನರಿಗೆ ಸಕ್ರಿಯ ಕ್ಷಯವಿತ್ತು. ಕಫದಲ್ಲಿ ರೋಗಾಣು ಸಿಕ್ಕಿದ್ದು ಸಾವಿರಕ್ಕೆ 2ರಿಂದ 8 ಜನರಲ್ಲಿ ಮಾತ್ರ. ಪಟ್ಟಣದ ರೋಗ ಎಂದುಕೊಂಡಿದ್ದ ಕ್ಷಯ ಹಳ್ಳಿಗಳಲ್ಲೂ ಅಷ್ಟೇ ಇತ್ತು. ಎರಡು ಲೆಕ್ಕಗಳ ನಡುವೆ ಅಷ್ಟು ದೊಡ್ಡ ಅಂತರವಿದ್ದಾಗ ಯಾವುದನ್ನು ರೋಗ ಎನ್ನಬೇಕು, ಯಾರಿಗೆ ವರ್ಷಗಟ್ಟಲೆ ಔಷಧಿ ಕೊಡಬೇಕು ಎಂಬುದು ತೀರ್ಮಾನವಾಗಲೇಬೇಕಿತ್ತು.

ಅಷ್ಟರಲ್ಲಿ ಕ್ಷಯಕ್ಕೆ ಮದ್ದಾಗಿ ಸ್ಟ್ರೆಪ್ಟೊಮೈಸಿನ್ ಬಂದಿತ್ತು, 1952ರಲ್ಲಿ ಐಸೊನಿಯಾಜಿಡ್ ಬಂದಿತ್ತು. 1959ರಲ್ಲಿ ಮದರಾಸಿನ ಕ್ಷಯ ಚಿಕಿತ್ಸಾ ಕೇಂದ್ರದ ಅಧ್ಯಯನ ಪ್ರಕಟವಾಯಿತು. ಇಕ್ಕಟ್ಟಾದ ಮನೆಯಲ್ಲಿ, ಅರೆಹೊಟ್ಟೆಯಲ್ಲಿದ್ದು ಮಾತ್ರೆ ತೆಗೆದುಕೊಂಡವರೂ ಸ್ಯಾನಟೋರಿಯಂ ರೋಗಿಗಳಷ್ಟೇ ಚೆನ್ನಾಗಿ ಗುಣವಾಗುತ್ತಾರೆ ಎಂದು ಅದು ತೋರಿಸಿಕೊಟ್ಟಿತು. ಹಾಸಿಗೆಯ ಕೊರತೆ ಇನ್ನು ಅಡ್ಡಿಯಲ್ಲ. ರೋಗಿಯನ್ನು ಹುಡುಕುವುದು ಹೇಗೆ ಎಂಬುದೊಂದೇ ಉಳಿಯಿತು.

ಅವಲಾನ್ ಬಂಗಲೆ, ತುಮಕೂರಿನ ಹಳ್ಳಿಗಳು

ಅದಕ್ಕಾಗಿಯೇ 1959ರಲ್ಲಿ ಬೆಂಗಳೂರಿನ ಬಳ್ಳಾರಿ ರಸ್ತೆಯ ಅವಲಾನ್ ಬಂಗಲೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಶುರುವಾಯಿತು. 1960ರ ಸೆಪ್ಟೆಂಬರ್ 16ರಂದು ಜವಾಹರಲಾಲ್ ನೆಹರೂ ವಿಧ್ಯುಕ್ತವಾಗಿ ಉದ್ಘಾಟಿಸಿದರು. ವೈದ್ಯರ ಜೊತೆಗೆ ಸಂಖ್ಯಾಶಾಸ್ತ್ರಜ್ಞರು, ಸಮಾಜಶಾಸ್ತ್ರ ಬಲ್ಲವರು, ಪ್ರಯೋಗಾಲಯದವರು ಒಂದೇ ಸೂರಿನಡಿ ಸೇರಿದ್ದು ಅದರ ವಿಶೇಷ. ವಿಶ್ವ ಆರೋಗ್ಯ ಸಂಸ್ಥೆಯ ಪರವಾಗಿ ಅಲ್ಲಿ ಕೆಲಸ ಮಾಡಿದವರಲ್ಲಿ ಡೆನ್ಮಾರ್ಕಿನ ಹಾಲ್ಫ್‌ಡಾನ್ ಮಾಹ್ಲರ್ ಒಬ್ಬರು. ಮುಂದೆ 1973ರಿಂದ 1988ರವರೆಗೆ ಅವರು ವಿಶ್ವ ಆರೋಗ್ಯ ಸಂಸ್ಥೆಯ ಮಹಾನಿರ್ದೇಶಕರಾಗಿದ್ದರು.

ತುಮಕೂರು ಜಿಲ್ಲೆಯಲ್ಲಿ ರಾಜ್ ನಾರಾಯಣ್ ಮತ್ತು ಸಂಗಡಿಗರು ದೊಡ್ಡ ಸಮೀಕ್ಷೆ ನಡೆಸಿದರು. ಮನೆಮನೆಗೆ ಹೋಗಿ ಜನಗಣತಿ, ಮುಂಗೈಗೆ ಟ್ಯುಬರ್ಕುಲಿನ್, ಎದೆಗೆ 70 ಮಿಲಿಮೀಟರ್ ಫಿಲ್ಮಿನ ಎಕ್ಸ್‌ರೇ. ಪ್ರತಿ ಫಿಲ್ಮನ್ನೂ ಇಬ್ಬರು ಬೇರೆ ಬೇರೆಯಾಗಿ ಓದಿದರು, ಒಬ್ಬರ ತೀರ್ಪು ಇನ್ನೊಬ್ಬರಿಗೆ ಗೊತ್ತಾಗದ ಹಾಗೆ. ನೆರಳು ಕಂಡವರ ಕಫ ಪರೀಕ್ಷೆಗೆ ಹೋಯಿತು. ಮೂರೂ ಸಾಧನಗಳು ಒಂದೇ ಜನರ ಮೇಲೆ, ಒಂದೇ ಕಾಲದಲ್ಲಿ, ಒಂದನ್ನೊಂದು ತೂಗುವಂತೆ ನಡೆದ ಪರೀಕ್ಷೆಯಿದು.

ಇದರ ಬೆನ್ನಿಗೇ ದೇಬಬರ್ ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಬೇರೊಂದು ಪ್ರಶ್ನೆ ಎತ್ತಿಕೊಂಡು ಅದೇ ಹಳ್ಳಿಗಳಿಗೆ ಹೋದರು. ಎಕ್ಸ್‌ರೇ ಮತ್ತು ಕಫದಲ್ಲಿ ರೋಗ ಕಂಡವರನ್ನೂ, ಅವರಿಗೆ ಹೋಲಿಸಲು ರೋಗವಿಲ್ಲದವರನ್ನೂ ಮಾತನಾಡಿಸಿದರು. ನಿಮಗೆ ಏನಾದರೂ ತೊಂದರೆಯಿದೆಯೇ? ಏನು ಮಾಡಿದಿರಿ? ಎಲ್ಲಿಗೆ ಹೋದಿರಿ? ಹಳ್ಳಿಯ ಜನಕ್ಕೆ ಕಾಯಿಲೆಯ ಅರಿವಿಲ್ಲ, ವ್ಯಾನು ಕಳಿಸಿ ನಾವೇ ಹುಡುಕಿ ತೆಗೆಯಬೇಕು ಎಂಬುದು ಆಗ ತಜ್ಞರಲ್ಲಿ ಬೇರುಬಿಟ್ಟಿದ್ದ ನಂಬಿಕೆ. 1963ರಲ್ಲಿ ಪ್ರಕಟವಾದ ಉತ್ತರ ಅದನ್ನು ತಲೆಕೆಳಗು ಮಾಡಿತು. ಕಫದಲ್ಲಿ ರೋಗಾಣು ಇದ್ದವರ ಪೈಕಿ ನೂರಕ್ಕೆ 95 ಜನರಿಗೆ ತಮ್ಮ ಕೆಮ್ಮು, ಜ್ವರ, ಎದೆನೋವುಗಳ ಅರಿವಿತ್ತು. 72 ಜನ ಅದರ ಚಿಂತೆಯಲ್ಲಿದ್ದರು. 52 ಜನ ಆಗಲೇ ಸರ್ಕಾರಿ ಆಸ್ಪತ್ರೆಯ ಬಾಗಿಲಿಗೆ ಹೋಗಿ ಬಂದಿದ್ದರು. ಅಲ್ಲಿ ಅವರಲ್ಲಿ ಹೆಚ್ಚಿನವರಿಗೆ ಸಿಕ್ಕಿದ್ದು ಕೆಮ್ಮಿನ ಔಷಧಿಯ ಬಾಟಲಿ.

ಶರಣಬಸವೇಶ್ವರರ ನಾಡಿನವರಿಗೆ ಇದರ ಅರ್ಥ ಬೇಗ ತಿಳಿಯಬೇಕು. ಜೇವರ್ಗಿ ಸೀಮೆಯ ಅರಳಗುಂಡಗಿಯಲ್ಲಿ 1746ರಲ್ಲಿ ಹುಟ್ಟಿ, ಒಕ್ಕಲುತನ ಮಾಡಿಕೊಂಡಿದ್ದು, 1822ರಲ್ಲಿ ಕಲಬುರಗಿಯಲ್ಲಿ ಲಿಂಗೈಕ್ಯರಾದ ಆ ಶರಣರನ್ನು ಜನ ನೆನೆಯುವುದು ದಾಸೋಹದಿಂದ. ಬಂದವರ ಜಾತಿ, ಊರು ಕೇಳದೆ ಎಲೆ ಹಾಕುವುದು ದಾಸೋಹದ ಧರ್ಮ. ತುಮಕೂರಿನ ಅಧ್ಯಯನ ಆರೋಗ್ಯ ಇಲಾಖೆಗೆ ಹೇಳಿದ್ದೂ ಅಂಥದೇ ಮಾತು. ಹಸಿದವನು ತಾನಾಗಿ ಬಾಗಿಲಿಗೆ ಬಂದಿದ್ದಾನೆ, ಅವನನ್ನು ಬರಿಗೈಲಿ ಕಳಿಸಬೇಡಿ, ಆಮೇಲೆ ಹಸಿದವರನ್ನು ಹುಡುಕಿಕೊಂಡು ಹೋಗಿ.

1962ರಲ್ಲಿ ರಾಷ್ಟ್ರೀಯ ಕ್ಷಯ ಕಾರ್ಯಕ್ರಮ ಶುರುವಾದಾಗ, ಇನ್ನೂ ಅಚ್ಚಾಗದಿದ್ದ ಈ ತಿಳಿವಳಿಕೆಯೇ ಅದರ ತಳಹದಿಯಾಯಿತು. ಕೆಮ್ಮುತ್ತ ಬಂದವರ ಕಫವನ್ನು ಹತ್ತಿರದ ಆಸ್ಪತ್ರೆಯಲ್ಲೇ ನೋಡಬೇಕು, ಎಕ್ಸ್‌ರೇ ಜಿಲ್ಲಾ ಕೇಂದ್ರದಲ್ಲಿರಲಿ, ಔಷಧಿ ರೋಗಿಯ ಮನೆಯ ಹತ್ತಿರ ಸಿಗಲಿ. ಬೆಂಗಳೂರಿನಲ್ಲಿ ತರಬೇತಿ ಪಡೆದ ತಂಡಗಳು ದೇಶದ ಜಿಲ್ಲೆಗಳಿಗೆ ಹೋದವು. ಕಾರ್ಯಕ್ರಮ ಅಂದುಕೊಂಡಷ್ಟು ಚೆನ್ನಾಗಿ ನಡೆಯಲಿಲ್ಲ. ಔಷಧಿ ಸಾಲಲಿಲ್ಲ, ಹಣ ಸಾಲಲಿಲ್ಲ, ನಡುವೆ ಮಾತ್ರೆ ಬಿಟ್ಟವರು ಬಹಳ. ಆದರೂ ಕಫದ ಸ್ಲೈಡು ಬಡ ದೇಶಗಳಲ್ಲೆಲ್ಲ ಕ್ಷಯ ಪತ್ತೆಯ ಅಡಿಗಲ್ಲಾಗಿ ಉಳಿಯಿತು.

ಆ ಕಾಲದ ಇನ್ನೊಂದು ಅಧ್ಯಯನವನ್ನು ಭಾರವಾದ ಮನಸ್ಸಿನಿಂದಲೇ ನೆನೆಯಬೇಕು. 1961ರಿಂದ 1968ರವರೆಗೆ ಬೆಂಗಳೂರು ಜಿಲ್ಲೆಯ 119 ಹಳ್ಳಿಗಳ ಸುಮಾರು 65 ಸಾವಿರ ಜನರನ್ನು ಸಂಸ್ಥೆ ಮತ್ತೆ ಮತ್ತೆ ಪರೀಕ್ಷಿಸಿತು. ಅಲ್ಲಿಗೆ ಆಗಿನ್ನೂ ಕ್ಷಯ ಚಿಕಿತ್ಸೆಯ ಕಾರ್ಯಕ್ರಮ ಕಾಲಿಟ್ಟಿರಲಿಲ್ಲ. ಮೊದಲ ಸುತ್ತಿನಲ್ಲಿ ಕಫದಲ್ಲಿ ರೋಗಾಣು ಸಿಕ್ಕವರ ಪೈಕಿ ಐದು ವರ್ಷಗಳ ನಂತರ ನೂರಕ್ಕೆ 49 ಜನ ತೀರಿಹೋಗಿದ್ದರು, 18 ಜನರ ಕಫದಲ್ಲಿ ಇನ್ನೂ ರೋಗಾಣು ಇತ್ತು, 33 ಜನ ತಾವಾಗಿಯೇ ಚೇತರಿಸಿಕೊಂಡಿದ್ದರು. ಚಿಕಿತ್ಸೆಯಿಲ್ಲದ ಕ್ಷಯದ ಬಗ್ಗೆ ಜಗತ್ತಿನ ಪಠ್ಯಪುಸ್ತಕಗಳು ಇಂದಿಗೂ ಹೇಳುವ ಲೆಕ್ಕ ಇದು. ಔಷಧಿ ಇದ್ದ ಕಾಲದಲ್ಲಿ ಅದು ತಲುಪದ ಜನರಿಂದ ಬಂದ ಲೆಕ್ಕ. ಇಂಥ ಅಧ್ಯಯನಕ್ಕೆ ಇಂದು ಒಪ್ಪಿಗೆ ಸಿಗದು, ಸಿಗಲೂಬಾರದು. ಆ ಹಳ್ಳಿಗಳ ಋಣ ನಮ್ಮ ಮೇಲಿದೆ.

ಒಳಗಿನಿಂದ ಬರುವ ಸುಳಿವು

ಎಕ್ಸ್‌ರೇ ಹೊರಗಿನಿಂದ ಹಾಯುತ್ತದೆ. ಟ್ರೇಸರ್ ದಾರಿ ಇದಕ್ಕೆ ತಿರುಗುಮುರುಗು. ವಿಕಿರಣ ಸೂಸುವ ಪರಮಾಣುವನ್ನು ಒಂದು ಅಣುವಿಗೆ ಅಂಟಿಸಿ ದೇಹದೊಳಗೆ ಬಿಡುತ್ತಾರೆ, ಅದು ಎಲ್ಲಿ ಸೇರುತ್ತದೆಂದು ಹೊರಗಿನ ಕ್ಯಾಮೆರಾ ಹಿಡಿಯುತ್ತದೆ. ಮೂಲ ಕಲ್ಪನೆ ಹಂಗೇರಿಯ ಜಾರ್ಜ್ ದೆ ಹೆವೆಶಿಯದು. ಗಿಡದ ಬೇರಿನಿಂದ ಎಲೆಯವರೆಗೆ ಸೀಸದ ಪ್ರಯಾಣವನ್ನು ಆತ 1923ರಲ್ಲೇ ಹೀಗೆ ಬೆನ್ನಟ್ಟಿದ್ದ. 1943ರ ನೊಬೆಲ್ ಅವನಿಗೆ ಸಂದಿತು.

ಸೋಂಕಿನ ಪತ್ತೆಗೆ ಈ ವಿದ್ಯೆ ಬಂದದ್ದು ಆಕಸ್ಮಿಕವಾಗಿ. 1969ರಲ್ಲಿ ಅಮೆರಿಕದ ಓಕ್ ರಿಡ್ಜ್‌ನಲ್ಲಿ ಎಡ್ವರ್ಡ್ಸ್ ಮತ್ತು ಹೇಯ್ಸ್, ಗ್ಯಾಲಿಯಂ-67 ಕ್ಯಾನ್ಸರ್ ಗಡ್ಡೆಯಲ್ಲಿ ಸೇರಿಕೊಳ್ಳುವುದನ್ನು ಕಂಡರು. ಎರಡು ವರ್ಷದಲ್ಲೇ ಅದು ಕೀವು ತುಂಬಿದ ಬಾವಿನಲ್ಲೂ ಸೇರುವುದು ಗೊತ್ತಾಯಿತು. ಕ್ಯಾನ್ಸರ್ ಯಾವುದು, ಸೋಂಕು ಯಾವುದು ಎಂಬ ಹಳೆಯ ಗೊಂದಲ ಹೊಸ ಸಾಧನದ ಜೊತೆಗೇ ಹುಟ್ಟಿತು.

1976ರಲ್ಲಿ ಲಂಡನ್ನಿನ ಹ್ಯಾಮರ್‌ಸ್ಮಿತ್ ಆಸ್ಪತ್ರೆಯ ತಂಡ ಹೆಚ್ಚು ಜಾಣ ದಾರಿ ಹಿಡಿಯಿತು. ಅದರಲ್ಲಿ ಭಾರತ ಮೂಲದ ವಿಜ್ಞಾನಿ ಮ್ಯಾಥ್ಯೂ ಠಾಕೂರ್ ಇದ್ದರು. ಸೋಂಕು ಎಲ್ಲಿದೆಯೋ ಅಲ್ಲಿಗೆ ದೇಹದ ಬಿಳಿ ರಕ್ತಕಣಗಳು ತಾವಾಗಿ ಧಾವಿಸುತ್ತವೆ. ರೋಗಿಯ ತೋಳಿನಿಂದ ಒಂದಿಷ್ಟು ರಕ್ತ ತೆಗೆದು, ಬಿಳಿ ಕಣಗಳನ್ನು ಬೇರ್ಪಡಿಸಿ, ಇಂಡಿಯಂ-111 ಹಚ್ಚಿ, ಅದೇ ರೋಗಿಯ ರಕ್ತನಾಳಕ್ಕೆ ಮರಳಿ ಬಿಟ್ಟರು. ಮರುದಿನ ಚಿತ್ರ ತೆಗೆದರೆ ಹೊಟ್ಟೆಯೊಳಗೆ ಅಡಗಿದ್ದ ಕೀವಿನ ಗಂಟು ಹೊಳೆಯುತ್ತಿತ್ತು. ಬದಲಿ ಮೊಣಕಾಲು ಕೂರಿಸಿಕೊಂಡವರಿಗೆ ಮತ್ತೆ ನೋವು ಬಂದರೆ ಅದು ಸೋಂಕೋ, ಬರೀ ಕೀಲು ಸಡಿಲಾದದ್ದೋ ಎಂದು ತಿಳಿಯಲು ಈ ವಿಧಾನ ಇಂದಿಗೂ ನೆಚ್ಚಿನದು. ಆದರೆ ಕೆಲಸ ಗಂಟೆಗಟ್ಟಲೆ ಹಿಡಿಯುತ್ತದೆ, ನಿರ್ಜಂತುಕ ಕೋಣೆ ಬೇಕು, ರಕ್ತ ಅದಲುಬದಲಾಗದಂತೆ ಕಾಯಬೇಕು. ಮೇಲಾಗಿ ಬಿಳಿ ಕಣ ಹೋದಲ್ಲೆಲ್ಲ ರೋಗಾಣು ಇರಲೇಬೇಕೆಂದೇನೂ ಇಲ್ಲ.

ರೋಗಾಣುವಿಗೇ ಅಂಟುವ ಔಷಧವನ್ನೇ ಟ್ರೇಸರ್ ಮಾಡಿದರೆ? ಲಂಡನ್ನಿನ ಸೇಂಟ್ ಬಾರ್ಥಲೋಮ್ಯೂ ಆಸ್ಪತ್ರೆಯಲ್ಲಿ ಕೀತ್ ಬ್ರಿಟನ್, ಸೋಲಂಕಿ ಮತ್ತು ಸಂಗಡಿಗರು ಸಿಪ್ರೊಫ್ಲಾಕ್ಸಸಿನ್ ಎಂಬ ಆ್ಯಂಟಿಬಯಾಟಿಕ್‌ಗೆ ಟೆಕ್ನೀಷಿಯಂ-99ಎಂ ಜೋಡಿಸಿದರು. ಹೆಸರು ಇನ್‌ಫೆಕ್ಟಾನ್. ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆಯ ನೆರವಿನಿಂದ ಎಂಟು ದೇಶಗಳ 879 ರೋಗಿಗಳಲ್ಲಿ ಪರೀಕ್ಷೆ ನಡೆಯಿತು. 2002ರಲ್ಲಿ ಬಂದ ವರದಿಯ ಪ್ರಕಾರ ಸೋಂಕು ಇದ್ದವರಲ್ಲಿ ನೂರಕ್ಕೆ ಸುಮಾರು 85 ಮಂದಿಯನ್ನು ಅದು ಗುರುತಿಸಿತು, ಇಲ್ಲದವರಲ್ಲಿ ಸುಮಾರು 82 ಮಂದಿಗೆ ಇಲ್ಲ ಎಂದೇ ಹೇಳಿತು. ಎಲ್ಲರೂ ಹಿಗ್ಗಿದರು. ಆದರೆ ನಂತರದ ಅಧ್ಯಯನಗಳಲ್ಲಿ, ರೋಗಾಣುವೇ ಇಲ್ಲದ ಬಾವಿನಲ್ಲೂ ಅದು ಸೇರಿಕೊಳ್ಳುವುದು ಕಂಡುಬಂತು. ಪ್ರಯೋಗಾಲಯದಲ್ಲಿ ಒಪ್ಪಿಗೆಯಾಗುವ ತರ್ಕ ದೇಹದೊಳಗೆ ಅಷ್ಟು ಸರಳವಾಗಿ ನಡೆಯುವುದಿಲ್ಲ. ಇನ್‌ಫೆಕ್ಟಾನ್ ಆಸ್ಪತ್ರೆಗಳ ದಿನಬಳಕೆಗೆ ಬರಲಿಲ್ಲ.

ಅದೇ ಹೊತ್ತಿಗೆ ನೆದರ್ಲ್ಯಾಂಡ್ಸ್‌ನ ಲೈಡನ್‌ನಲ್ಲಿ ಯುಬಿಕ್ವಿಸಿಡಿನ್ ಎಂಬ ಪೆಪ್ಟೈಡಿನ ಮೇಲೆ ಕೆಲಸ ಶುರುವಾಗಿತ್ತು. ರೋಗಾಣುಗಳನ್ನು ಎದುರಿಸಲು ನಮ್ಮ ದೇಹವೇ ತಯಾರಿಸುವ ಪದಾರ್ಥ ಅದು. ಅದರ 13 ಅಮೈನೊ ಆಮ್ಲಗಳ ಒಂದು ತುಣುಕು ಬ್ಯಾಕ್ಟೀರಿಯಾದ ಹೊರಪೊರೆಗೆ ಅಂಟುತ್ತದೆ. ಇರಾನ್, ಪಾಕಿಸ್ತಾನ, ಮೆಕ್ಸಿಕೊ, ದಕ್ಷಿಣ ಆಫ್ರಿಕಾ, ಭಾರತ, ಸೋಂಕಿನ ಭಾರ ಹೆಚ್ಚಿರುವ ಈ ದೇಶಗಳೇ ಅದನ್ನು ಮುಂದಕ್ಕೆ ಒಯ್ದವು ಎಂಬುದು ಹೆಮ್ಮೆಯ ವಿಷಯ. ಮುಂಬೈನ ಭಾಭಾ ಪರಮಾಣು ಸಂಶೋಧನಾ ಕೇಂದ್ರದ ವಿಜ್ಞಾನಿಗಳೂ ಇದರ ಮೇಲೆ ದುಡಿದಿದ್ದಾರೆ.

ಸಕ್ಕರೆಯ ಹೊಳಪು

ಇಂದು ಎಲ್ಲರ ಬಾಯಲ್ಲಿರುವುದು ಪೆಟ್ ಸ್ಕ್ಯಾನ್. ಅದರಲ್ಲಿ ಬಳಸುವ ಎಫ್‌ಡಿಜಿ ಎಂಬ ಟ್ರೇಸರ್, ಫ್ಲೋರಿನ್-18 ಹೊತ್ತ ಗ್ಲೂಕೋಸ್. ಅಂಥ ಫ್ಲೋರಿನ್ ತಯಾರಿಸುವ ಭಾರತದ ಮೊದಲ ವೈದ್ಯಕೀಯ ಸೈಕ್ಲೋಟ್ರಾನ್ 2002ರಲ್ಲಿ ಮುಂಬೈನ ಪರೇಲ್‌ನ ವಿಕಿರಣ ಔಷಧ ಕೇಂದ್ರದಲ್ಲಿ ಕೆಲಸ ಶುರುಮಾಡಿತು. ಕ್ಯಾನ್ಸರ್ ಕೋಶಕ್ಕೆ ಸಕ್ಕರೆ ಹೆಚ್ಚು ಬೇಕು, ಆದ್ದರಿಂದ ಅದು ಹೊಳೆಯುತ್ತದೆ. ಆದರೆ ಸೋಂಕಿನೊಂದಿಗೆ ಹೋರಾಡುವ ಬಿಳಿ ಕಣಕ್ಕೂ ಸಕ್ಕರೆ ಹೆಚ್ಚೇ ಬೇಕು. ಹಾಗಾಗಿ ಕ್ಷಯದ ಗಂಟೂ ಅಷ್ಟೇ ಪ್ರಖರವಾಗಿ ಹೊಳೆಯುತ್ತದೆ. ಕ್ಷಯ ಹೆಚ್ಚಿರುವ ನಮ್ಮಂಥ ದೇಶದಲ್ಲಿ ಎದೆಯ ಗಂಟೊಂದು ಹೊಳೆದರೆ ಅದು ಕ್ಯಾನ್ಸರ್ ಹರಡಿದ್ದೋ, ಟಿಬಿಯೋ ಎಂದು ಚಿತ್ರವೊಂದೇ ಹೇಳಲಾರದು. ಸೂಜಿ ಚುಚ್ಚಿ ತುಣುಕು ತೆಗೆದು ನೋಡಲೇಬೇಕು. 1950ರ ದಶಕದ ಎಕ್ಸ್‌ರೇ ವ್ಯಾನು ಎದುರಿಸಿದ ಪ್ರಶ್ನೆಯೇ ಕೋಟಿಗಟ್ಟಲೆ ಬೆಲೆಯ ಯಂತ್ರದ ಮುಂದೆಯೂ ನಿಂತಿದೆ.

ಇದಕ್ಕೆ ಉತ್ತರವಾಗಬಹುದೆಂಬ ಭರವಸೆ ಮೂಡಿಸಿರುವ ಒಂದು ಟ್ರೇಸರ್ ಬಗ್ಗೆ 2024ರಲ್ಲಿ ವರದಿ ಬಂತು. ಹೆಸರು ಎಫ್‌ಡಿಟಿ. ಬ್ರಿಟನ್ನಿನ ರೋಸಲಿಂಡ್ ಫ್ರಾಂಕ್ಲಿನ್ ಸಂಸ್ಥೆ, ಆಕ್ಸ್‌ಫರ್ಡ್ ಮತ್ತು ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯ, ರಾಷ್ಟ್ರೀಯ ಆರೋಗ್ಯ ಸಂಸ್ಥೆಗಳ ವಿಜ್ಞಾನಿಗಳು ಕೂಡಿ ಮಾಡಿದ್ದು. ಟ್ರಿಹಲೋಸ್ ಎಂಬ ಸಕ್ಕರೆಯನ್ನು ಕ್ಷಯದ ರೋಗಾಣು ತನ್ನ ಹೊರಗೋಡೆ ಕಟ್ಟಲು ಬಳಸುತ್ತದೆ, ಮನುಷ್ಯನ ಕೋಶಗಳು ಹಾಗೆ ಬಳಸುವುದಿಲ್ಲ. ಆ ಸಕ್ಕರೆಗೆ ಫ್ಲೋರಿನ್-18 ಹೊರಿಸಿದರೆ ಜೀವಂತ ರೋಗಾಣು ಇದ್ದಲ್ಲಿ ಮಾತ್ರ ಹೊಳಪು ಕಾಣಬೇಕು. ಎಲ್ಲೆಡೆ ಸಿಗುವ ಎಫ್‌ಡಿಜಿಯಿಂದಲೇ ಕಿಣ್ವಗಳ ಸಹಾಯದಿಂದ ಅದನ್ನು ತಯಾರಿಸಬಹುದು ಎಂಬುದು ಅದರ ದೊಡ್ಡ ಗುಣ. ಮಂಗಜಾತಿಯ ಪ್ರಾಣಿಗಳಲ್ಲಿ ಅದರ ಪರೀಕ್ಷೆ ನಡೆದಿದೆ. ರೋಗ ನಿಜವಾಗಿ ವಾಸಿಯಾಯಿತೇ, ಮಾತ್ರೆ ನಿಲ್ಲಿಸಬಹುದೇ ಎಂಬ ಪ್ರಶ್ನೆಗೂ ಮುಂದೊಂದು ದಿನ ಅದು ಉತ್ತರಿಸಬಹುದು. ಇನ್‌ಫೆಕ್ಟಾನ್ ನೆನಪಿರುವವರು ಕಾದು ನೋಡುತ್ತಾರೆ.

ಅರ್ಧಾಯುಸ್ಸು ಮತ್ತು ರಾತ್ರಿ ರೈಲು

ಹೊಸ ಟ್ರೇಸರ್ ಎಷ್ಟೇ ನಿಖರವಾಗಿರಲಿ, ಕಲಬುರಗಿಯಲ್ಲಿ ನಿಂತು ಅದನ್ನು ಅಳೆಯುವಾಗ ಗಡಿಯಾರವೂ ಕೈಯಲ್ಲಿರಬೇಕು. ಫ್ಲೋರಿನ್-18ರ ಅರ್ಧಾಯುಸ್ಸು 110 ನಿಮಿಷ. ಅಂದರೆ ಅಷ್ಟು ಹೊತ್ತಿಗೊಮ್ಮೆ ಅದರ ಶಕ್ತಿ ಅರ್ಧಕ್ಕೆ ಇಳಿಯುತ್ತದೆ. ಬೆಂಗಳೂರಿನಲ್ಲಿ ರಾತ್ರಿ ರೈಲಿಗೆ ಏರಿಸಿದ ಸೀಸೆ ಹತ್ತು ಗಂಟೆ ಕಳೆದು ಕಲಬುರಗಿಯಲ್ಲಿ ಇಳಿಯುವಾಗ ಐದೂವರೆ ಸಲ ಅರ್ಧವಾಗಿರುತ್ತದೆ. ನೂರರಲ್ಲಿ ಉಳಿಯುವುದು ಎರಡು ಪಾಲು. ಹೈದರಾಬಾದಿನಿಂದ ರಸ್ತೆಯಲ್ಲಿ ನಾಲ್ಕೂವರೆ ಗಂಟೆಯಲ್ಲಿ ಬಂದರೂ ಐದರಲ್ಲಿ ಒಂದು ಪಾಲೂ ಉಳಿಯದು. ಟೆಕ್ನೀಷಿಯಂನ ಅರ್ಧಾಯುಸ್ಸು ಆರು ಗಂಟೆ. ಅದರ ತಾಯಿ ಮಾಲಿಬ್ಡಿನಂನದು 66 ಗಂಟೆ. ತಾಯಿಯನ್ನು ತುಂಬಿದ ಜನರೇಟರ್ ವಾರಕ್ಕೊಮ್ಮೆ ಬಂದರೆ ಸಾಕು, ಪ್ರತಿದಿನ ಬೆಳಗ್ಗೆ ಉಪ್ಪುನೀರು ಹಾಯಿಸಿ ಅಂದಂದಿನ ಟೆಕ್ನೀಷಿಯಂ ತೆಗೆದು, ಒಣಪುಡಿಯ ಕಿಟ್‌ಗೆ ಬೆರೆಸಿ ರೋಗಿಗೆ ಕೊಡಬಹುದು. ಜಿಲ್ಲಾ ನಗರಕ್ಕೆ ಯಾವ ಟ್ರೇಸರ್ ಒಗ್ಗುತ್ತದೆ ಎಂಬುದನ್ನು ಸಂಶೋಧನಾ ಪತ್ರಿಕೆಗಳ ಶೇಕಡಾವಾರು ಲೆಕ್ಕವೊಂದೇ ತೀರ್ಮಾನಿಸುವುದಿಲ್ಲ.

ಎಕ್ಸ್‌ರೇ ಕೂಡ ಈಚೆಗೆ ಮರಳಿ ಬಂದಿದೆ. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕ್ಷಯ ಸಮೀಕ್ಷೆಯಲ್ಲಿ, ಎಕ್ಸ್‌ರೇ ಇಲ್ಲದೆ ಬರೀ ಲಕ್ಷಣ ಕೇಳಿ ಬಿಟ್ಟಿದ್ದರೆ ರೋಗಿಗಳಲ್ಲಿ ಶೇ 42.6 ಮಂದಿ ಕೈತಪ್ಪುತ್ತಿದ್ದರು. ಲಕ್ಷಣ ಇದ್ದವರಲ್ಲಿ ಶೇ 64ರಷ್ಟು ಜನ ಎಲ್ಲೂ ಚಿಕಿತ್ಸೆಗೆ ಹೋಗಿರಲಿಲ್ಲ. ತುಮಕೂರಿನ ಪಾಠ ಇದರಿಂದ ಸುಳ್ಳಾಗುವುದಿಲ್ಲ. ಆ ಪಾಠ ಎಕ್ಸ್‌ರೇ ವಿರುದ್ಧದ್ದಾಗಿರಲಿಲ್ಲ, ನಿಜವಾದ ಜನರ ನಡುವೆ ಅಳೆದ ಮೇಲೆ ನಂಬಿ ಎಂಬುದಾಗಿತ್ತು. ಜನ, ರೋಗ, ಯಂತ್ರ ಮೂರೂ ಬದಲಾದಾಗ ಮತ್ತೆ ಅಳೆಯಬೇಕು. ಈಗ ನೆರಳು ಕಂಡೊಡನೆ ರೋಗಾಣುವಿನ ವಂಶವಾಹಿಯನ್ನು ಗಂಟೆಯೊಪ್ಪತ್ತಿನಲ್ಲಿ ಗುರುತಿಸುವ ಟ್ರೂನ್ಯಾಟ್ ಇದೆ. ಗೋವಾದ ಮೋಲ್‌ಬಯೋ ಜೊತೆ ಅದನ್ನು ರೂಪಿಸಿದ್ದು ಬೆಂಗಳೂರಿನ ಬಿಗ್‌ಟೆಕ್. ಬ್ಯಾಟರಿಯ ಮೇಲೆ ನಡೆಯುವ ಆ ಯಂತ್ರ 2020ರಲ್ಲಿ ಕೋವಿಡ್ ಪರೀಕ್ಷೆಗೂ ಬಂತು. ಮಾರ್ಚ್‌ನ ಆ ಸಾವಿನ ನಂತರದ ವಾರಗಳಲ್ಲಿ ಕಲಬುರಗಿಗೂ ತನ್ನದೇ ಕೋವಿಡ್ ಪರೀಕ್ಷಾ ವ್ಯವಸ್ಥೆ ದೊರೆಯಿತು.

ಸೋಂಕು ಪತ್ತೆಯ ಹೊಸ ಟ್ರೇಸರ್‌ಗಳ ಪರೀಕ್ಷೆ ಇನ್ನು ಮುಂದೆ ಮನುಷ್ಯರಲ್ಲಿ ದೊಡ್ಡ ಪ್ರಮಾಣದಲ್ಲಿ ನಡೆಯಬೇಕಿದೆ. ಅದು ಮಹಾನಗರದ ದೊಡ್ಡ ಆಸ್ಪತ್ರೆಗೆ ತಲುಪಬಲ್ಲ ರೋಗಿಗಳಲ್ಲಿ ಮಾತ್ರ ನಡೆದರೆ ನಮಗೆ ಸಿಗುವುದು ಅರ್ಧ ಉತ್ತರ. ಕಲ್ಲುಗಣಿಯ ಧೂಳು ಕುಡಿದ ಶ್ವಾಸಕೋಶ, ಹಿಂದೊಮ್ಮೆ ಟಿಬಿಯಾಗಿ ಮಾಗಿದ ಕಲೆ, ಸಕ್ಕರೆ ಕಾಯಿಲೆಯಿಂದ ಕೊಳೆತ ಕಾಲು, ಇಂಥವರ ನಡುವೆಯೇ ಆ ಸಾಧನ ರೋಗಾಣುವನ್ನು ಬೇರ್ಪಡಿಸಿ ತೋರಿಸಬೇಕು. ರೋಗಿಯ ಒಪ್ಪಿಗೆ ಅವರ ಮಾತಿನಲ್ಲೇ, ಅರ್ಥವಾಗುವಂತೆ ಪಡೆಯಬೇಕು. ರೋಗ ಕಂಡವರಿಗೆ ಚಿಕಿತ್ಸೆ ಅಂದೇ ಶುರುವಾಗಬೇಕು. 119 ಹಳ್ಳಿಗಳ ಋಣ ತೀರಿಸುವ ದಾರಿ ಅದೊಂದೇ. ಆದ್ದರಿಂದ ಅಂಥ ಪರೀಕ್ಷೆಗಳ ಪಟ್ಟಿಯಲ್ಲಿ ಮುಂಬೈ, ಬೆಂಗಳೂರಿನ ಪಕ್ಕದಲ್ಲಿ ಕಲಬುರಗಿ, ಬೀದರ್, ಯಾದಗಿರಿ, ರಾಯಚೂರಿನ ಆಸ್ಪತ್ರೆಗಳ ಹೆಸರೂ ಇರಬೇಕು. ಇದನ್ನು ನಾವು ಕೇಳಬೇಕಾದದ್ದು ಈಗ, ಸಾಧನ ಇನ್ನೂ ಪರೀಕ್ಷೆಯ ಹಂತದಲ್ಲಿರುವಾಗ.